ಅಂಗಡಿ ಕಡಲಾಚೆ, ಮನೆ ಊರಲ್ಲಿ



ಚೆನ್ನೈನಲ್ಲಿರುವ ನೀವು ಚೆಪಾಕ್ ಕ್ರೀಡಾಂಗಣದಲ್ಲಿ ಕ್ರಿಕೆಟ್ ನೋಡಿರಬಹುದು. ಮುಂಬೈ, ಪುಣೆ, ದೆಹಲಿಯವರು ಹೋಟೆಲಿನ ಮೆನುವಿನಲ್ಲಿ ‘ಚೆಟ್ಟಿನಾಡ್’ ಎಂಬ ಹೆಸರು ಓದಿ, ನೀರಿನ ಲೋಟ ಹತ್ತಿರಕ್ಕೆಳೆದುಕೊಂಡಿರಬಹುದು! ಚೆಪಾಕ್ ಕ್ರೀಡಾಂಗಣ ಯಾರ ಹೆಸರಿನಲ್ಲಿದೆಯೋ ಆ ಎಂ.ಎ. ಚಿದಂಬರಂ, 1937ರಲ್ಲಿ ಇಂಡಿಯನ್ ಓವರ್ಸೀಸ್ ಬ್ಯಾಂಕ್ ಸ್ಥಾಪಿಸಿದ ಎಂ.ಸಿ.ಟಿ.ಎಂ. ಚಿದಂಬರಂ ಚೆಟ್ಟಿಯಾರ್, ಎ.ವಿ.ಎಂ. ಸ್ಟುಡಿಯೋದ ಮೆಯ್ಯಪ್ಪನ್ – ಮೂವರೂ ಒಂದೇ ಸಮುದಾಯದವರು. ಈ ಮೆಯ್ಯಪ್ಪನ್ ಅವರ ಕನ್ನಡ ‘ಹರಿಶ್ಚಂದ್ರ’ ಚಿತ್ರವೇ ಮುಂದೆ ತಮಿಳಿಗೆ ಡಬ್ ಆಗಿ, ಭಾರತೀಯ ಚಿತ್ರರಂಗದಲ್ಲಿ ಡಬ್ಬಿಂಗಿಗೆ ನಾಂದಿ ಹಾಡಿತು.

ಈ ಸಮುದಾಯಕ್ಕೆ ನಾಟ್ಟುಕೋಟ್ಟೈ ಚೆಟ್ಟಿಯಾರರು ಎಂದು ಹೆಸರು. ತಮ್ಮನ್ನು ಅವರು ಕರೆದುಕೊಳ್ಳುವುದು ‘ನಗರತ್ತಾರ್’ ಎಂದು. ಕಾರೈಕುಡಿಯ ಸುತ್ತ, ಇಂದಿನ ಶಿವಗಂಗೆ ಮತ್ತು ಪುದುಕ್ಕೋಟ್ಟೈ ಜಿಲ್ಲೆಗಳಲ್ಲಿ ಹರಡಿರುವ ಎಪ್ಪತ್ತಕ್ಕೂ ಹೆಚ್ಚು ಊರುಗಳೇ ಅವರ ಚೆಟ್ಟಿನಾಡು. ಮಳೆ ಕಡಿಮೆ, ನದಿಯ ನೀರಾವರಿ ಇಲ್ಲ. ಇಂಥ ಒಣನೆಲದವರು ರಂಗೂನಿನ ಭತ್ತದ ಗದ್ದೆಗಳಿಗೆ ಸಾಲ ಕೊಡುವವರಾದದ್ದು ಹೇಗೆ? ಕೊನೆಗೆ ಅಲ್ಲಿಂದ ಬರಿಗೈಲಿ ಮರಳಿದ್ದು ಏಕೆ?

ತಮಿಳು ವ್ಯಾಪಾರಿಗಳಿಗೆ ಕಡಲು ಹೊಸದಲ್ಲ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ 1088ರ ಒಂದು ತಮಿಳು ಶಾಸನ ಸಿಕ್ಕಿದೆ. ಅದನ್ನು ಹಾಕಿಸಿದವರು ‘ಐನ್ನೂಟ್ರುವರ್’ ಎಂಬ ವರ್ತಕ ಸಂಘದವರು. ಕನ್ನಡದ ಶಾಸನಗಳನ್ನು ಓದಿದವರ ಕಿವಿ ಇಲ್ಲಿ ನೆಟ್ಟಗಾಗುತ್ತದೆ. ಹೌದು, ಇವರು ನಮ್ಮ ಐಹೊಳೆಯಲ್ಲಿ ಮೂಲ ಬೇರಿದ್ದ ‘ಅಯ್ಯಾವೊಳೆ ಐನೂರ್ವರು’! ನಗರತ್ತಾರರ ಕಥೆ ಅದಕ್ಕಿಂತ ಬೇರೆ, ಬಹಳ ಈಚಿನದು. ಆದರೆ ಹಾದಿ ಅದೇ ಕಡಲಿನದು.

ಉಪ್ಪಿನ ವ್ಯಾಪಾರದಲ್ಲಿ ಕೈ ಪಳಗಿಸಿಕೊಂಡಿದ್ದ ನಗರತ್ತಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಆಳ್ವಿಕೆ ಹಬ್ಬಿದಲ್ಲೆಲ್ಲ ಹೋದರು. ಸಿಲೋನ್, ಪೆನಾಂಗ್, ಸಿಂಗಪುರ, ಎಲ್ಲಕ್ಕಿಂತ ಹೆಚ್ಚಾಗಿ ಬರ್ಮಾ. ಸಿಂಗಪುರದ ಮಾರ್ಕೆಟ್ ಸ್ಟ್ರೀಟಿನಲ್ಲಿ ಅವರ ‘ಕಿಟ್ಟಂಗಿ’ಗಳಿದ್ದವು. ಕಿಟ್ಟಂಗಿ ಎಂದರೆ ಉದ್ದನೆಯ ಒಂದೇ ಕೋಣೆ. ಅದರೊಳಗೆ ಸಾಲಾಗಿ ಹಲವು ಅಂಗಡಿಗಳು. ಅಂಗಡಿ ಎಂದರೂ ಒಂದು ಚಾಪೆ, ಒಂದು ಮರದ ಪೆಟ್ಟಿಗೆ, ಲೆಕ್ಕದ ಪುಸ್ತಕ, ಅಷ್ಟೇ! ಆ ಪೆಟ್ಟಿಗೆಯೇ ಮೇಜು, ಅದೇ ತಿಜೋರಿ.

ಪೆಟ್ಟಿಗೆಯ ಮುಂದೆ ಕೂರುವವನು ಸಾಮಾನ್ಯವಾಗಿ ಯಜಮಾನನಲ್ಲ, ಏಜೆಂಟು. ಯಜಮಾನ ಚೆಟ್ಟಿನಾಡಿನ ಮನೆಯಲ್ಲೇ ಇರುತ್ತಿದ್ದ. ಏಜೆಂಟನ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಹೋಗಬೇಕು, ಅವಧಿ ಮುಗಿದ ಮೇಲೆ ಲೆಕ್ಕ ಒಪ್ಪಿಸಿ ಮರಳಬೇಕು. ಪೆಟ್ಟಿಗೆಯ ಪಕ್ಕದಲ್ಲಿ ಕೂತು ಕೆಲಸ ಕಲಿಯುತ್ತಿದ್ದ ಹುಡುಗ ಮುಂದೆ ತಾನೇ ಏಜೆಂಟನಾಗುತ್ತಿದ್ದ.

ಫೋನಿಲ್ಲದ ಕಾಲದಲ್ಲಿ ಕಡಲಾಚೆಯ ಒಬ್ಬನ ಕೈಗೆ ಲಕ್ಷಗಟ್ಟಲೆ ಹಣ ಕೊಟ್ಟು ಯಜಮಾನ ನೆಮ್ಮದಿಯಿಂದ ಹೇಗೆ ಮಲಗುತ್ತಿದ್ದ ಎಂದು ನೀವು ಕೇಳಬಹುದು. ಉತ್ತರ ಚೆಟ್ಟಿನಾಡಿನ ಒಂಬತ್ತು ದೇವಸ್ಥಾನಗಳಲ್ಲಿದೆ. ಪಿಳ್ಳೈಯಾರ್‌ಪಟ್ಟಿ, ಇಳೈಯಾತ್ತಂಗುಡಿ, ಮಾತ್ತೂರು ಮೊದಲಾದ ಈ ಒಂಬತ್ತರಲ್ಲಿ ಒಂದಕ್ಕೆ ಪ್ರತಿಯೊಬ್ಬ ನಗರತ್ತಾರನೂ ಸೇರಿದವನು. ಮದುವೆಯಾದ ಪ್ರತಿ ಗಂಡಸು ಅಲ್ಲಿ ಒಂದು ‘ಪುಳ್ಳಿ’, ಅಂದರೆ ಒಂದು ಚುಕ್ಕೆ. ಚುಕ್ಕೆಗಿಷ್ಟು ಎಂದು ದೇವಸ್ಥಾನಕ್ಕೆ ವಂತಿಗೆ. ಮೋಸ ಮಾಡಿದವನಿಗೆ ಕೋರ್ಟಿಗಿಂತ ಮೊದಲು ಊರೇ ಬಾಗಿಲು ಹಾಕುತ್ತಿತ್ತು. ಹೆಣ್ಣು ಕೊಡುವವರಿಲ್ಲ, ಸಾಲ ಕೊಡುವವರಿಲ್ಲ ಎಂದಾದರೆ ವರ್ತಕನಿಗೆ ಉಳಿಯುವುದೇನು?

ಹೋದಲ್ಲೆಲ್ಲ ಅವರು ಕಟ್ಟಿದ್ದು ದಂಡಾಯುಧಪಾಣಿಯ ಗುಡಿ. ಸಿಂಗಪುರದ ಟ್ಯಾಂಕ್ ರಸ್ತೆಯ ಗುಡಿ 1859ರದು. ರಂಗೂನಿನ ಗುಡಿಯಲ್ಲಿ ವರ್ತಕರು ಸಭೆ ಸೇರಿ ಚಾಲ್ತಿ ಬಡ್ಡಿ ದರವನ್ನು ತೀರ್ಮಾನಿಸುತ್ತಿದ್ದರು. ಲಾಭದಲ್ಲಿ ಒಂದು ಪಾಲು ‘ಮಗಮೈ’ ಎಂದು ದೇವರಿಗೆ ಸಲ್ಲುತ್ತಿತ್ತು. ಹೆಂಗಸರೂ ಲೆಕ್ಕದ ಹೊರಗಿರಲಿಲ್ಲ. ತವರಿನಿಂದ ತಂದ ‘ಆಚ್ಚಿ’ಯ ಹಣವನ್ನು ಅಂಗಡಿಯಲ್ಲಿ ಇಟ್ಟರೆ ಅದಕ್ಕೂ ಬಡ್ಡಿ ಬರೆಯಲಾಗುತ್ತಿತ್ತು.

ಈಗ ಬರ್ಮಾಕ್ಕೆ ಬರೋಣ. 1852ರಲ್ಲಿ ಕೆಳ ಬರ್ಮಾ ಬ್ರಿಟಿಷರ ವಶವಾಯಿತು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಬರ್ಮಾದ ಅಕ್ಕಿಗೆ ದೂರದ ಮಾರುಕಟ್ಟೆಗಳು ಸಿಕ್ಕವು. ಐರಾವತಿ ನದೀಮುಖದ ಕಾಡು ಕಡಿದು ಗದ್ದೆ ಮಾಡುವ ರೈತನಿಗೆ ಎತ್ತು, ಬೀಜ, ಕೂಲಿ ಎಲ್ಲಕ್ಕೂ ಹಣ ಬೇಕಿತ್ತು. ಯುರೋಪಿಯನ್ ಬ್ಯಾಂಕುಗಳು ಅವನತ್ತ ತಿರುಗಿಯೂ ನೋಡಲಿಲ್ಲ. ನೋಡಿದವರು ಚೆಟ್ಟಿಯಾರರು. ಸರ್ಕಾರ ನೇಮಿಸಿದ್ದ ಬ್ಯಾಂಕಿಂಗ್ ವಿಚಾರಣಾ ಸಮಿತಿ 1930ರ ಹೊತ್ತಿಗೆ ಬರ್ಮಾದಲ್ಲಿ ಅವರ ಬಂಡವಾಳ ಸುಮಾರು 75 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಅಂದಿನ 75 ಕೋಟಿ!

ಆಗ ಬಂತು ಜಗತ್ತಿನ ಮಹಾ ಆರ್ಥಿಕ ಕುಸಿತ. ಭತ್ತದ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ರೈತ ಸಾಲ ತೀರಿಸಲಾಗಲಿಲ್ಲ, ಅಡವಿಟ್ಟ ಗದ್ದೆ ಸಾಲ ಕೊಟ್ಟವನಿಗೆ ಹೋಯಿತು. ಕೆಳ ಬರ್ಮಾದ 13 ಮುಖ್ಯ ಭತ್ತದ ಜಿಲ್ಲೆಗಳಲ್ಲಿ 1930ರಲ್ಲಿ ಶೇ. 6ರಷ್ಟು ಭೂಮಿ ಚೆಟ್ಟಿಯಾರರದಾಗಿತ್ತು. 1938ರಲ್ಲಿ ಅದು ಶೇ. 25! ಇಲ್ಲಿ ಇಬ್ಬರ ಕಷ್ಟವನ್ನೂ ನೋಡಬೇಕು. ತಾತ ಕಾಡು ಕಡಿದು ಮಾಡಿದ ಗದ್ದೆಯಲ್ಲಿ ಮೊಮ್ಮಗ ಗೇಣಿದಾರನಾದ. ಅವನ ಸಿಟ್ಟು ಸುಳ್ಳಲ್ಲ. ಇತ್ತ ಚೆಟ್ಟಿಯಾರರಿಗೆ ಬೇಕಿದ್ದದ್ದು ಹಣ, ಸಿಕ್ಕಿದ್ದು ಮಣ್ಣು. ಹಣವಾದರೆ ಹುಂಡಿಯಲ್ಲಿ ಊರಿಗೆ ಕಳಿಸಬಹುದು. ಗದ್ದೆಯನ್ನು ಹಡಗಿಗೆ ಹೇರಲಾದೀತೇ?

1942ರಲ್ಲಿ ಜಪಾನೀಯರು ಬರ್ಮಾ ಹೊಕ್ಕಾಗ ಲಕ್ಷಾಂತರ ಭಾರತೀಯರು ಊರು ಬಿಟ್ಟರು. ಕಾಡುಹಾದಿಯಲ್ಲಿ ಅಸ್ಸಾಮಿನತ್ತ ನಡೆದವರಲ್ಲಿ ಸಾವಿರಾರು ಜನ ದಾರಿಯಲ್ಲೇ ತೀರಿಕೊಂಡರು. ಸ್ವತಂತ್ರ ಬರ್ಮಾ 1948ರಲ್ಲಿ, ಮತ್ತೆ 1953ರಲ್ಲಿ, ಭೂ ರಾಷ್ಟ್ರೀಕರಣದ ಕಾಯ್ದೆ ತಂದಿತು. 1962ರಲ್ಲಿ ಬಂದ ಸೇನಾಡಳಿತ ಅಂಗಡಿ, ಬ್ಯಾಂಕುಗಳನ್ನೂ ವಶಪಡಿಸಿಕೊಂಡಿತು. ಮೂರು ತಲೆಮಾರಿನ ಲೆಕ್ಕದ ಪುಸ್ತಕ ಅಲ್ಲಿಗೆ ಮುಚ್ಚಿತು.

ಹಾಗಾದರೆ ಉಳಿದದ್ದೇನು? ಕಾಲಕ್ಕೆ ಮುಂಚೆ ಊರಿಗೆ ತಂದದ್ದು ಮಾತ್ರ. ಯುದ್ಧಕ್ಕೆ ಮೊದಲೇ ಬರ್ಮಾದಿಂದ ಬಂಡವಾಳ ಹಿಂತೆಗೆದ ಮುರುಗಪ್ಪ ಮನೆತನ ಇಲ್ಲಿ ಕಾರ್ಖಾನೆಗಳನ್ನು ಕಟ್ಟಿತು. ಅಣ್ಣಾಮಲೈ ಚೆಟ್ಟಿಯಾರ್ 1929ರಲ್ಲಿ ಚಿದಂಬರಂನಲ್ಲಿ ವಿಶ್ವವಿದ್ಯಾಲಯ ಕಟ್ಟಿಸಿದರು. ಕಾರೈಕುಡಿಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆಗೆ ಅಳಗಪ್ಪ ಚೆಟ್ಟಿಯಾರ್ 300 ಎಕರೆ ಜಮೀನು, 15 ಲಕ್ಷ ರೂಪಾಯಿ ಕೊಟ್ಟರು. ಅಡುಗೆಮನೆಯಲ್ಲಿ ಉಳಿದದ್ದು ‘ಕವುನಿ ಅರಿಸಿ’, ಬರ್ಮಾದಿಂದ ಬಂದ ಕಪ್ಪು ಅಕ್ಕಿಯ ಸಿಹಿ.

ಮತ್ತೆ ಆ ಮನೆಗಳು! ಒಂದು ಬೀದಿಯಲ್ಲಿ ಮುಂಬಾಗಿಲು, ಹಿಂದಿನ ಬೀದಿಯಲ್ಲಿ ಹಿತ್ತಿಲ ಬಾಗಿಲು. ಬರ್ಮಾ ತೇಗದ ಕಂಬ, ಇಟಲಿಯ ಅಮೃತಶಿಲೆ, ಬೆಲ್ಜಿಯಂ ಕನ್ನಡಿ, ಪಕ್ಕದ ಆತ್ತಂಗುಡಿಯ ಕೈಹೆಂಚಿನ ನೆಲ. ಮದುವೆಯಾದ ಪ್ರತಿ ಮಗನಿಗೂ ಒಂದು ಕೋಣೆ, ಒಂದು ಒಲೆ. 2014ರಲ್ಲಿ ಈ ಊರುಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ. ಕೆಲವು ಮನೆಗಳು ಹೋಟೆಲುಗಳಾಗಿವೆ. ಹಲವಕ್ಕೆ ಬೀಗ. ಹತ್ತಾರು ವಾರಸುದಾರರು ಹತ್ತಾರು ಊರುಗಳಲ್ಲಿದ್ದಾರೆ. ಮದುವೆ, ಪೂಜೆ ಎಂದಾಗ ಬಾಗಿಲು ತೆರೆಯುತ್ತದೆ.

ಊರಿನ ಮನೆಯ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಬಂದವರು ನಮ್ಮ ಕೇಳುಗರಲ್ಲೂ ಇದ್ದೀರಿ. ದುಡಿಮೆ ಒಂದು ಕಡೆ, ಬೇರು ಇನ್ನೊಂದು ಕಡೆ ಎಂಬ ಬದುಕಿನ ಲಾಭ ನಷ್ಟ ಎರಡನ್ನೂ ಚೆಟ್ಟಿನಾಡು ಪೂರ್ತಿಯಾಗಿ ಕಂಡಿದೆ. ಮಧುರೈ, ರಾಮೇಶ್ವರದ ಯಾತ್ರೆಗೆ ಹೊರಟರೆ ಕಾರೈಕುಡಿಗೆ ಒಂದು ದಿನ ಕೊಡಿ. ತೇಗದ ಕಂಬವನ್ನು ಒಮ್ಮೆ ಮುಟ್ಟಿ ನೋಡಿ. ಅದು ಬಂದ ದಾರಿ ಈಗ ನಿಮಗೆ ಗೊತ್ತು.