ಆಯಿಯ ಕಣ್ಣಳತೆ, ನಿಮ್ಮ ತಕ್ಕಡಿ

ಮಾದಲಿಗೆ ಬೆಲ್ಲ ಎಷ್ಟು ಹಾಕಬೇಕೆಂದು ಬೈಲಹೊಂಗಲ, ಸವದತ್ತಿ ಕಡೆಯ ಆಯಿಯರನ್ನು ಕೇಳಿ ನೋಡಿ. 'ಕಣ್ಣಳತಿ ಮ್ಯಾಲೆ ಹಾಕೋದವ್ವಾ' ಎಂಬ ಉತ್ತರವೇ ಹೆಚ್ಚು. ಆ ಕಣ್ಣಳತೆ ತಪ್ಪುವುದಿಲ್ಲ, ನಿಜ. ಆದರೆ ಅದನ್ನು ಯಾರೂ ಬರೆದಿಟ್ಟಿಲ್ಲ. ಮಕ್ಕಳು ಓದಲೆಂದು ಹಾಸ್ಟೆಲ್ ಸೇರುತ್ತಾರೆ, ಹಿರಿಯರಿಗೆ ವಯಸ್ಸಾಗುತ್ತದೆ. ಆ ರುಚಿ ಅವರೊಂದಿಗೇ ಹೊರಟು ಹೋದರೆ?

ಜಾತ್ರೆ, ಮದುವೆಗಳಲ್ಲಿ ಬಡಿಸುವ ಗೋಧಿ-ಬೆಲ್ಲದ ಪುಡಿ ಸಿಹಿಯೇ ಮಾದಲಿ. ಮನೆಮನೆಗೂ ಇದರ ಹದ ಬೇರೆ. ಸಾಧಾರಣವಾಗಿ ಗೋಧಿ 1 ಕಿಲೊ, ಕಡಲೆಬೇಳೆ 100 ಗ್ರಾಂ, ಅಕ್ಕಿ 100 ಗ್ರಾಂ ಕೂಡಿಸಿ ತರಿತರಿಯಾಗಿ ಬೀಸಿಸಬೇಕು. ಹಿಟ್ಟನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಬಿಟ್ಟು, ದಪ್ಪ ಚಪಾತಿ ಲಟ್ಟಿಸಿ, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಗರಿಗರಿಯಾಗಿ ಬೇಯಿಸಬೇಕು. ಅವನ್ನು ಮುರಿದು, ಕುಟ್ಟಿ, ಸಾಣಿಸಿ, ಸುಮಾರು 750 ಗ್ರಾಂ ಪುಡಿ ಬೆಲ್ಲ ಬೆರೆಸಬೇಕು. ಕೊನೆಗೆ ಏಲಕ್ಕಿ, ಒಣ ಶುಂಠಿ, ಹುರಿದ ಗಸಗಸೆ, ಒಣ ಕೊಬ್ಬರಿ, ಪುಟಾಣಿ. ತಿನ್ನುವಾಗ ಬಿಸಿ ಹಾಲು, ತುಪ್ಪ ಇದ್ದರೆ ಮತ್ತೇನು ಬೇಕು!

ಚಪಾತಿಯಲ್ಲಿ ಹಸಿ ಉಳಿದರೆ ಮಾದಲಿಗೆ ಬೂಸ್ಟು ಬರುತ್ತದೆ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣದ್ದು. ಆದ್ದರಿಂದಲೇ ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬುವುದು, ಒದ್ದೆ ಚಮಚ ತಾಗಿಸದಿರುವುದು. ಆಯಿಯ ಕಟ್ಟುನಿಟ್ಟಿನ ಹಿಂದೆ ವಿಜ್ಞಾನವಿದೆ!

ಇಂಥ ಮನೆರುಚಿ ನಮ್ಮಲ್ಲಷ್ಟೇ ಇಲ್ಲ. ದೂರದ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚ್ ಮಾತನಾಡುವ ಜನ ಗೋಧಿಹಿಟ್ಟಿಗೆ ಕಾಕಂಬಿ, ಶುಂಠಿ ಸೇರಿಸಿ ಮೆತ್ತನೆಯ ಬಿಸ್ಕತ್ತು ಮಾಡುತ್ತಾರೆ. ಸಕ್ಕರೆಯ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ನಮ್ಮ ಬೆಲ್ಲದಲ್ಲಿ ಹರಳೂ ಪಾಕವೂ ಒಟ್ಟಿಗೇ ಇರುತ್ತವೆ. ಕಾಕಂಬಿಯ ಹುಳಿ ಅಂಶ ಅಡುಗೆ ಸೋಡಾದೊಂದಿಗೆ ಕೂಡಿ ಅನಿಲ ಹುಟ್ಟಿಸುವುದರಿಂದ ಬಿಸ್ಕತ್ತು ಉಬ್ಬುತ್ತದೆ. ಅಲ್ಲಿಯೂ ಅಜ್ಜಿಯರು ಬರೆದಿಟ್ಟ ಚೀಟಿಗಳು ಮೊಮ್ಮಕ್ಕಳ ಕೈ ಸೇರುತ್ತವೆ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನೀವೂ ಅಂಥದೊಂದು ಚೀಟಿ ಬರೆಯಿರಿ. ಆಯಿಯ ಕೈ ತಡೆದು ತೂಗಬೇಡಿ. 1 ಕಿಲೊ ಬೆಲ್ಲವನ್ನು ಮೊದಲೇ ತೂಗಿ ಮುಂದಿಡಿ. ಅವರು ಹಾಕಿದ ಮೇಲೆ ಉಳಿದದ್ದನ್ನು ತೂಗಿ ಕಳೆಯಿರಿ. ಅದೇ ಅವರ ಕಣ್ಣಳತೆ! ಮೂರು ಸಲ ಅಳೆದು ಸರಾಸರಿ ತೆಗೆದರೆ ಇನ್ನೂ ಖಚಿತ. ಜೊತೆಗೆ ಅವರ ಮಾತನ್ನೂ ಹಾಗೆಯೇ ಬರೆದುಕೊಳ್ಳಿ. ಚಪಾತಿಯ ಬಣ್ಣ, ಮುರಿದಾಗಿನ ಸದ್ದು, ಯಾವುದೂ ಬಿಡಬಾರದು.

ಪಾಲಕರೇ, ಬಿಸಿ ಹಂಚಿನ ಬಳಿ ನೀವು ಜೊತೆಗಿರಿ. 'ಅಭ್ಯಾಸ ಕೆಡುತ್ತದೆ' ಎಂದು ಮಕ್ಕಳನ್ನು ಅಡುಗೆಮನೆಯಿಂದ ಕಳಿಸಬೇಡಿ. ಗಂಡುಮಕ್ಕಳನ್ನಂತೂ ಖಂಡಿತ ಕಳಿಸಬೇಡಿ. ತೂಕ, ಸರಾಸರಿ, ತೇವಾಂಶ ಎಲ್ಲವೂ ಇಲ್ಲಿ ಅಭ್ಯಾಸವೇ. ಮುಂದೆ ಊರು ಬಿಟ್ಟು ದೂರ ಹೋದಾಗ, ಆ ಒಂದು ಪುಟ ಅವರ ಬಳಿ ಇರುತ್ತದೆ.