ವಾಷಿಂಗ್ ಮೆಷಿನ್ ಶುಚಿಗೊಳಿಸುವಿಕೆ

ವಾಷಿಂಗ್ ಮೆಷಿನ್ ಶುಚಿಗೊಳಿಸುವಿಕೆ ಎಂದರೆ ಬಟ್ಟೆ ಒಗೆಯುವ ಯಂತ್ರದ ಒಳಭಾಗದಲ್ಲಿ ಕಾಲಕ್ರಮೇಣ ಸೇರಿಕೊಳ್ಳುವ ಸುಣ್ಣದ ಪದರ, ಸಾಬೂನಿನ ಜಿಡ್ಡು, ನೂಲಿನ ಎಳೆ ಹಾಗೂ ಸೂಕ್ಷ್ಮಜೀವಿಗಳ ಲೋಳೆಯನ್ನು ತೆಗೆದುಹಾಕುವ ಕ್ರಿಯೆ. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಇದರ ಅಗತ್ಯ ಹೆಚ್ಚು. ಕರ್ನಾಟಕದ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಇಂತಹ ಮನೆಗಳು ಸಾಕಷ್ಟಿವೆ.

ಕಾರಣಗಳು

ಯಂತ್ರದ ದುರ್ವಾಸನೆಗೆ ಮುಖ್ಯ ಕಾರಣ ಜೈವಿಕ ಪೊರೆ. ತಣ್ಣೀರಿನ ಒಗೆತ, ಅಗತ್ಯಕ್ಕಿಂತ ಹೆಚ್ಚಿನ ಡಿಟರ್ಜೆಂಟ್ ಮತ್ತು ಸದಾ ಮುಚ್ಚಿದ ಬಾಗಿಲು ಇದರ ಬೆಳವಣಿಗೆಗೆ ಅನುಕೂಲವಾಗುತ್ತವೆ. ಕರಗದೆ ಉಳಿದ ಡಿಟರ್ಜೆಂಟ್ ಮತ್ತು ಬಟ್ಟೆಯಿಂದ ಬಿಟ್ಟ ಮೈಜಿಡ್ಡು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತವೆ. ಹೀಗಾಗಿ ವಾಸನೆ ಬಂದಾಗ ಡಿಟರ್ಜೆಂಟಿನ ಪ್ರಮಾಣವನ್ನು ಹೆಚ್ಚಿಸಿದರೆ ಸಮಸ್ಯೆ ಉಲ್ಬಣಿಸುತ್ತದೆ.

ಸ್ಥಳೀಯ ನೀರು

ಈ ಮೂರೂ ತಾಲ್ಲೂಕುಗಳ ಹೊಲಗದ್ದೆಗಳಿಗೆ ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಯ ಮೂಲಕ ನೀರು ಹರಿಯುತ್ತದೆ. ಆದರೆ ಮನೆಬಳಕೆಗೆ ಅನೇಕ ಕಡೆ ಕೊಳವೆಬಾವಿಯೇ ಆಧಾರ. ಬಂಡೆಯ ಬಿರುಕುಗಳಲ್ಲಿ ಹಾದುಬರುವ ಅಂತರ್ಜಲವು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುವುದರಿಂದ ಸಾಮಾನ್ಯವಾಗಿ ನದಿಯ ನೀರಿಗಿಂತ ಗಡಸಾಗಿರುತ್ತದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಜಲಮೂಲ ಇಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಅನುಮತಿಯಿದೆ. ಗಡಸು ನೀರು ಕಾದಾಗ ಹೀಟರಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಡ್ರಮ್ಮಿನಲ್ಲಿಯೂ ಒಣಗಿದ ನೀರಿನ ಬಿಳಿ ಕಲೆ ಉಳಿಯುತ್ತದೆ. ಈ ಒರಟು ಪದರದ ಮೇಲೆ ಜಿಡ್ಡು ಸುಲಭವಾಗಿ ಅಂಟಿಕೊಳ್ಳುತ್ತದೆ. ಗದ್ದೆಯ ಕೆಸರು ಮೆತ್ತಿದ ಬಟ್ಟೆಗಳನ್ನು ಜಾಲಿಸದೆ ನೇರವಾಗಿ ಹಾಕಿದರೆ ಮಣ್ಣು ಡ್ರಮ್ಮಿನ ತಳದಲ್ಲಿ ಸೇರುತ್ತದೆ.

ವಿಧಾನ

ಕೆಲಸ ಆರಂಭಿಸುವ ಮೊದಲು ವಿದ್ಯುತ್ ಪ್ಲಗ್ಗನ್ನು ತೆಗೆದು, ನಲ್ಲಿಯನ್ನು ಮುಚ್ಚಲಾಗುತ್ತದೆ.

1. ಡಿಟರ್ಜೆಂಟ್ ಪೆಟ್ಟಿಗೆ ಮತ್ತು ಲಿಂಟ್ ಫಿಲ್ಟರನ್ನು ಹೊರತೆಗೆದು, ಬಿಸಿನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು.
2. ಮುಂಬಾಗಿಲಿನ ಯಂತ್ರಗಳಲ್ಲಿ ಬಾಗಿಲಿನ ರಬ್ಬರಿನ ಮಡಿಕೆಯನ್ನು ಬಿಡಿಸಿ ಒರೆಸಬೇಕು. ವಾಸನೆಯ ಮೂಲ ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಕೆಳಭಾಗದ ಪಂಪ್ ಫಿಲ್ಟರನ್ನು ತೆರೆಯುವಾಗ ನೀರು ಸುರಿಯುವುದರಿಂದ ಅಗಲವಾದ ಪಾತ್ರೆ ಇಡಬೇಕು.
3. ನೀರು ಒಳಬರುವ ಕೊಳವೆಯ ಜಾಲರಿಯಲ್ಲಿ ಸಿಕ್ಕಿದ ಮರಳನ್ನು ತೊಳೆಯಬೇಕು. ಕೊಳವೆಬಾವಿಯ ನೀರಿನಲ್ಲಿ ಇದು ಬೇಗ ತುಂಬಿಕೊಳ್ಳುತ್ತದೆ.
4. ಸುಣ್ಣದ ಪದರವನ್ನು ಕರಗಿಸಲು ಸಿಟ್ರಿಕ್ ಆಮ್ಲದ ಪುಡಿಯನ್ನು (ಸುಮಾರು 100 ಗ್ರಾಂ) ಖಾಲಿ ಡ್ರಮ್ಮಿಗೆ ಹಾಕಿ, ಪ್ಲಗ್ ಜೋಡಿಸಿ, ನಲ್ಲಿಯನ್ನು ತೆರೆದು, ಬಿಸಿನೀರಿನ ಸುತ್ತನ್ನು ನಡೆಸಲಾಗುತ್ತದೆ. ಹೀಟರ್ ಇಲ್ಲದ ಅರೆಸ್ವಯಂಚಾಲಿತ ಯಂತ್ರಗಳಿಗೆ ಕೈಪಿಡಿ ಅನುಮತಿಸುವಷ್ಟು ಬಿಸಿಯಾದ ನೀರನ್ನು ಹೊರಗಿನಿಂದ ಸುರಿಯಬಹುದು. ನಂತರ ಸಾದಾ ನೀರಿನಲ್ಲಿ ಮತ್ತೊಂದು ಸುತ್ತು ನಡೆಸಬೇಕು.
5. ಲೋಳೆ ಉಳಿದಿದ್ದರೆ ಬೇರೊಂದು ದಿನ, ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಬ್ಲೀಚ್ ಅಥವಾ ಡ್ರಮ್ ಕ್ಲೀನರ್ ಬಳಸಬಹುದು.

ವಿನೆಗರ್ ಮತ್ತು ಅಡುಗೆ ಸೋಡಾವನ್ನು ಒಟ್ಟಿಗೆ ಹಾಕುವ ರೂಢಿಯಿದೆ. ಆಮ್ಲ ಮತ್ತು ಕ್ಷಾರಗಳು ಪರಸ್ಪರ ತಟಸ್ಥಗೊಳ್ಳುವುದರಿಂದ, ನೊರೆ ಬಂದರೂ ಶುಚಿಗೊಳಿಸುವ ಸಾಮರ್ಥ್ಯ ಕುಂದುತ್ತದೆ. ಪದೇ ಪದೇ ಬಳಸಿದ ವಿನೆಗರ್ ರಬ್ಬರಿನ ಭಾಗಗಳಿಗೆ ಹಾನಿ ಮಾಡಬಲ್ಲದು.

ಎಚ್ಚರಿಕೆ

ಕ್ಲೋರಿನ್ ಬ್ಲೀಚ್ ಅನ್ನು ಸಿಟ್ರಿಕ್ ಆಮ್ಲ, ವಿನೆಗರ್ ಅಥವಾ ನಿಂಬೆರಸದೊಂದಿಗೆ ಎಂದಿಗೂ ಬೆರೆಸಬಾರದು. ಇದರಿಂದ ಹೊರಬರುವ ವಿಷಕಾರಿ ಕ್ಲೋರಿನ್ ಅನಿಲವು ಗಾಳಿಯಾಡದ ಬಚ್ಚಲುಮನೆಯಲ್ಲಿ ಪ್ರಾಣಾಪಾಯ ತರಬಲ್ಲದು. ಅಮೋನಿಯಾ ಇರುವ ದ್ರಾವಣಗಳೊಂದಿಗೂ ಬ್ಲೀಚ್ ಸೇರಬಾರದು. ಕೀಟನಾಶಕ ಸಿಂಪಡಿಸುವಾಗ ಧರಿಸಿದ ಬಟ್ಟೆಗಳನ್ನು ಮನೆಯವರ ಬಟ್ಟೆಗಳಿಂದ ಪ್ರತ್ಯೇಕವಾಗಿ ಒಗೆದು, ಬಳಿಕ ಖಾಲಿ ಯಂತ್ರವನ್ನು ಡಿಟರ್ಜೆಂಟಿನೊಂದಿಗೆ ಒಂದು ಸುತ್ತು ನಡೆಸುವುದು ಅವಶ್ಯಕ.

ನಿರ್ವಹಣೆ

ಒಗೆತ ಮುಗಿದ ಕೂಡಲೇ ಬಟ್ಟೆಗಳನ್ನು ತೆಗೆದು, ಬಾಗಿಲು ಮತ್ತು ಡಿಟರ್ಜೆಂಟ್ ಪೆಟ್ಟಿಗೆಯನ್ನು ಸ್ವಲ್ಪ ತೆರೆದಿಟ್ಟರೆ ಒಳಭಾಗ ಒಣಗುತ್ತದೆ. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ತೆರೆದ ಯಂತ್ರದೊಳಗೆ ಅವರು ಇಳಿಯದಂತೆ ನಿಗಾ ವಹಿಸಬೇಕು. ಕೆಸರಿನ ಬಟ್ಟೆಗಳನ್ನು ಮೊದಲು ಹೊರಗೆ ಜಾಲಿಸುವುದು, ಡಿಟರ್ಜೆಂಟನ್ನು ಅಳೆದು ಹಾಕುವುದು ಮತ್ತು ತಿಂಗಳಿಗೊಮ್ಮೆ ಖಾಲಿ ಯಂತ್ರವನ್ನು ಬಿಸಿನೀರಿನಲ್ಲಿ ನಡೆಸುವುದು ಯಂತ್ರದ ಬಾಳಿಕೆಯನ್ನು ಹೆಚ್ಚಿಸುತ್ತವೆ.