ಬೇಸಗೆಯ ಹಿತ್ತಲಲ್ಲಿ ಕೋಸಿನ ಕನಸು

ಫಾಲ್ಗುಣ ಕಳೆದು ಚೈತ್ರ ಕಾಲಿಟ್ಟಿತೆಂದರೆ ಚಾಮರಾಜಪುರದ ಹಿತ್ತಲುಗಳನ್ನು ಒಂದು ಬಗೆಯ ವೈರಾಗ್ಯ ಆವರಿಸುತ್ತದೆ. ಮಾಗಿಯ ಚಳಿಯಲ್ಲಿ ಸೊಂಪಾಗಿ ಬೆಳೆದ ಕೊತ್ತಂಬರಿ ಒಂದೆರಡು ವಾರಗಳಲ್ಲಿ ದಂಟೆತ್ತಿ, ಬಿಳಿಯ ಹೂ ಬಿಟ್ಟು, ತನ್ನ ಕೆಲಸ ಮುಗಿಯಿತೆಂದು ಸಾರುತ್ತದೆ. ಮೂಲಂಗಿ ಬೆಂಡಾಗಿ ನಾಲಗೆಯನ್ನು ಸುಡುತ್ತದೆ. ಎಲೆಕೋಸು ಗಡ್ಡೆ ಕಟ್ಟುವ ಮಾತನ್ನೇ ಮರೆತುಬಿಡುತ್ತದೆ. ರೈಲ್ವೆ ನಿಲ್ದಾಣದ ಆಸುಪಾಸಿನಲ್ಲಿ ಇನ್ನೂ ಉಳಿದಿರುವ ಕೆಲವು ಹಳೆಯ ಮನೆಗಳ ಹಿಂದೆ ವರ್ಷವರ್ಷವೂ ನಡೆಯುವ ಸಣ್ಣ ದುರಂತನಾಟಕವಿದು.

ಈ ನಾಟಕದ ಕೊನೆಯ ಅಂಕವನ್ನು ತಿದ್ದಿ ಬರೆಯಬೇಕೆಂಬುದು ನಮ್ಮ ನೆರೆಯ ನಿವೃತ್ತ ಉಪಾಧ್ಯಾಯರೊಬ್ಬರ ಹಟ. "ಊಟಿಯಲ್ಲಿ ಬೆಳೆಯುವುದು ಇಲ್ಲೇಕೆ ಬೆಳೆಯಬಾರದು?" ಎಂಬುದು ಅವರ ಪ್ರಶ್ನೆ.

ಉತ್ತರವಿರುವುದು ಎತ್ತರದಲ್ಲಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿದೆ. ಉದಕಮಂಡಲ ಸುಮಾರು 2,240 ಮೀಟರು. ಸಾವಿರ ಮೀಟರು ಏರಿದರೆ ಸುಮಾರು ಆರೂವರೆ ಡಿಗ್ರಿ ಶಾಖ ಇಳಿಯುವುದೆಂಬ ಲೆಕ್ಕದಂತೆ, ಎರಡು ಊರುಗಳ ನಡುವೆ ಒಂಬತ್ತು ಹತ್ತು ಡಿಗ್ರಿಗಳ ಅಂತರ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ನೀಲಗಿರಿಯ ಮೇಲೆ ಮನೆ ಕಟ್ಟಿ ಯೂರೋಪಿನ ತರಕಾರಿಗಳನ್ನು ಬೆಳೆಸಿದ್ದು ಈ ತಂಪನ್ನು ನಂಬಿಯೇ. ಬಂಡೀಪುರ, ಗುಂಡ್ಲುಪೇಟೆ, ನಂಜನಗೂಡುಗಳ ದಾರಿಯಾಗಿ ಇಳಿದುಬರುವ ಕ್ಯಾರೆಟ್ಟಿಗೆ ನಮ್ಮ ಮಾರುಕಟ್ಟೆಯಲ್ಲಿ ಇಂದಿಗೂ ಊಟಿಯ ಹೆಸರೇ ಬಿರುದು.

ಮೈಸೂರಿನ ಏಪ್ರಿಲ್ ತಿಂಗಳಲ್ಲಿ ಹಗಲಿನ ಉಷ್ಣಮಾನ ಸಾಮಾನ್ಯವಾಗಿ 34-35 ಡಿಗ್ರಿ ಮುಟ್ಟುತ್ತದೆ. ಕೋಸು, ಕ್ಯಾರೆಟ್ಟುಗಳ ಜಾತಿಗೆ ಒಗ್ಗುವುದು 15ರಿಂದ 20 ಡಿಗ್ರಿ. ಹಗಲಿನ ಬಿಸಿಲಿಗಿಂತ ರಾತ್ರಿಯ ಸೆಕೆಯೂ ಕಡಮೆ ಶತ್ರುವಲ್ಲ. ಗಿಡವು ಹಗಲು ಬೆಳಕಿನಲ್ಲಿ ಸಕ್ಕರೆಯನ್ನು ಗಳಿಸಿ, ಇರುಳು ಉಸಿರಾಡುತ್ತ ಅದರಲ್ಲೊಂದು ಪಾಲನ್ನು ವ್ಯಯಮಾಡುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಈ ಖರ್ಚು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಹಗಲೆಲ್ಲ ದುಡಿದು ರಾತ್ರಿ ಸಾಲ ತೀರಿಸುವ ಬಡ ಸಂಸಾರಿಯಂತೆ ಗಿಡದ ಕೈಯಲ್ಲಿ ಏನೂ ಉಳಿಯದು. ಗಡ್ಡೆ ಕಟ್ಟುವುದೆಲ್ಲಿಂದ ಬಂತು?

ಸೀಮೆಯ ಪುಸ್ತಕಗಳನ್ನು ನಂಬಿದರೂ ಕೆಲಸ ಕೆಡುತ್ತದೆ. ಹಗಲು ಉದ್ದವಾದಾಗ ಸೊಪ್ಪು ಹೂವಿಗೆ ತಿರುಗುತ್ತದೆಂದು ಅಲ್ಲಿಯವರು ಎಚ್ಚರಿಸುತ್ತಾರೆ. ಲಂಡನ್ನಿನಲ್ಲಿ ಜೂನಿನ ಹಗಲು ಹದಿನಾರು ಗಂಟೆ ಮೀರುತ್ತದೆ. ನಮ್ಮಲ್ಲಿ ವರ್ಷದ ಅತಿ ದೀರ್ಘ ಹಗಲೂ ಹದಿಮೂರು ಗಂಟೆಗೆ ತುಸು ಕಡಮೆಯೇ. ಇಲ್ಲಿ ಗಿಡವನ್ನು ಹೆಚ್ಚಾಗಿ ಅವಸರಪಡಿಸುವುದು ಸೂರ್ಯನ ಹಾಜರಿಯಲ್ಲ, ಅವನ ತಾಪ.

ಇದನ್ನು ಅರಿತ ಮೇಲೆ ನಮ್ಮ ಮೇಷ್ಟ್ರು ಉಪಾಯಕ್ಕೆ ತೊಡಗಿದರು. ಹಾಗಲದ ಚಪ್ಪರದ ಪೂರ್ವಕ್ಕೆ ಪಾತಿ ಮಾಡಿದರು: ಬೆಳಗಿನ ಎಳೆಬಿಸಿಲು ದೊರೆಯುತ್ತದೆ, ಮಧ್ಯಾಹ್ನದ ಮೇಲೆ ನೆರಳು. ಕೊತ್ತಂಬರಿಯ ಬೀಜವೆಂದು ನಾವು ಕರೆಯುವುದು ಎರಡು ಬೀಜಗಳ ಕಾಯಿ. ಅದನ್ನು ಮೆಲ್ಲನೆ ಉಜ್ಜಿ ಒಡೆದು, ರಾತ್ರಿ ನೆನೆಹಾಕಿ, ಮರುದಿನ ಸಂಜೆ ಬಿತ್ತಿದರು. ಮೊಳೆಯುವವರೆಗೆ ಹಸಿಗೋಣಿ ಹೊದಿಸಿ, ಮೊಳೆತೊಡನೆ ತೆಗೆದರು. ನೆಲಕ್ಕೆ ತೆಂಗಿನ ನಾರು, ಒಣಗಿದ ಮಾವಿನೆಲೆಗಳ ಹೊದಿಕೆ. ಹತ್ತು ದಿನಕ್ಕೊಮ್ಮೆ ಒಂದೊಂದು ಹಿಡಿ ಬಿತ್ತಿ, ದಂಟೆತ್ತುವ ಮುನ್ನ ಎಳೆಯದಾಗಿಯೇ ಕಿತ್ತರು. ಮೂಲಂಗಿಯಲ್ಲಿ ಪೂಸಾ ಚೇತ್ಕಿಯಂಥ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಬಿತ್ತಲೆಂದೇ ಬಂದ ತಳಿಯನ್ನು ಆರಿಸಿದರು. ಹೂಕೋಸಿನಲ್ಲಿಯೂ ನಮ್ಮ ನಾಡಿನ ಮುಂಗಡ ತಳಿಗಳು 20ರಿಂದ 27 ಡಿಗ್ರಿಯ ಶಾಖದಲ್ಲಿ ಹೂ ಕಟ್ಟುತ್ತವೆ. ತಂಪುನಾಡಿನ ಗಿಡ ಬಿಸಿನಾಡಿನಲ್ಲಿ ಸಂಸಾರ ಹೂಡಿ, ತಲೆಮಾರುಗಳ ಆಯ್ಕೆಯಿಂದ ಕಲಿತ ಪಾಠವದು. ಆದರೆ 35 ಡಿಗ್ರಿಯ ಚೈತ್ರ ಅದಕ್ಕೂ ಮೀರಿದ್ದು. ಮೇಷ್ಟ್ರು ಹೂಕೋಸನ್ನೂ ಬಟಾಣಿಯನ್ನೂ ಕೈಬಿಟ್ಟರು. ಎಂಟು ಎಲೆಕೋಸಿನ ಗಿಡಗಳನ್ನು ಮಾತ್ರ ಬಿಡಲಾರದೆ ಉಳಿಸಿಕೊಂಡರು.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು. ಮರುವರ್ಷದ ಬೇಸಗೆಯಲ್ಲಿ ಎದುರುಮನೆಯ ಕೊಳವೆಬಾವಿ ಬತ್ತಿತು. ಆ ಮನೆಯ ಹೆಣ್ಣುಮಗಳು ಕೊಡ ಹಿಡಿದು ಮೇಷ್ಟ್ರ ಬಾವಿಗೆ ಬಂದಾಗ ಅವರು ಕೋಸಿನ ಬುಡಕ್ಕೆ ನೀರು ಬಿಡುತ್ತಿದ್ದರಂತೆ. ಆಕೆ ಏನೂ ಹೇಳಲಿಲ್ಲ. ಪಾತಿಯನ್ನೊಮ್ಮೆ ನೋಡಿ, ಸರದಿಗೆ ನಿಲ್ಲುವವರಂತೆ ನಿಂತಳು. ಅಂದಿನಿಂದ ಕೋಸಿಗೆ ನೀರು ನಿಂತಿತು. ನಾಲ್ಕು ದಿನದಲ್ಲಿ ಎಂಟೂ ಗಿಡಗಳು ಬಾಡಿದುವು. ಕೊತ್ತಂಬರಿಯ ಗೇಣಗಲದ ಪಾತಿ ಮಾತ್ರ ಅಕ್ಕಿ ತೊಳೆದ ನೀರಿನಲ್ಲೇ ಬದುಕಿತು.

"ಸೋತಿರೇನು?" ಎಂದು ನಾನು ಕೇಳಿದೆ. ಅವರು ನಕ್ಕು, "ಬೆಳೆಯಬಹುದೇ ಎಂಬುದು ಒಂದು ಪ್ರಶ್ನೆ, ಯಾರ ನೀರಿನಲ್ಲಿ ಎಂಬುದು ಇನ್ನೊಂದು. ಮೊದಲನೆಯದನ್ನು ಮಾತ್ರ ಕೇಳಿಕೊಂಡಿದ್ದೆ" ಎಂದರು.

ಬೇಸಗೆಗೆ ತನ್ನದೇ ಆದ ಸಿರಿಯುಂಟು. ಬೆಂಡೆ, ಹೀರೆ, ದಂಟು, ಬಸಳೆ, ಮೈಸೂರಿಗೇ ಹೆಸರು ತಂದ ಈರನಗೆರೆಯ ಬದನೆ — ಇವು ಶಾಖವನ್ನು ಶಪಿಸುವುದಿಲ್ಲ. ಆದರೂ ಋತುವಿಗೆ ವಿರುದ್ಧವಾಗಿ ಒಂದು ಹಿಡಿ ಹಸುರನ್ನು ಉಳಿಸಿಕೊಳ್ಳುವ ಆಸೆ ತಪ್ಪೆಂದು ನಾನು ಹೇಳಲಾರೆ. ಬೆಂಗಳೂರಿಗೆ ಲಾಲ್‌ಬಾಗಿನ ಜಾನ್ ಕ್ಯಾಮೆರಾನ್ ತಂದು ರೂಢಿಮಾಡಿದ ಸೀಮೆಬದನೆ ಇಂದು ನಮ್ಮ ಹುಳಿಯ ಪಾತ್ರೆಯಲ್ಲಿ ನೆಂಟನಾಗಿ ಉಳಿದಿಲ್ಲ, ಮನೆಯವನೇ ಆಗಿದೆ; ಅದರ ಮೂಲದಲ್ಲೂ ಯಾರದೋ ಹಟವಿತ್ತು. ಹಟಕ್ಕೆ ಒಂದು ಅಳತೆಯಿರಬೇಕು, ಅಷ್ಟೆ.

ಈ ಯುಗಾದಿಯ ಮರುದಿನವೂ ಮೇಷ್ಟ್ರ ಚಪ್ಪರದ ನೆರಳಿನಲ್ಲಿ ಕೊತ್ತಂಬರಿ ಮೊಳೆತಿತ್ತು. ಮೊದಲ ಹಿಡಿ ಎದುರುಮನೆಗೆ ಹೋಯಿತು.